ಟ್ಯೂಲಿಪ್ ನೋಡಲು ಹೊರಟವರಿಗೆ: ತೋಟ ಬೇರೆ, ಹೊಲ ಬೇರೆ

ನಾನು ನೆದರ್‌ಲ್ಯಾಂಡ್ಸಿನ ಲೈಡನ್ ಊರಿನಲ್ಲಿ ಮನೆ ಮಾಡಿದ ಮೊದಲ ವರ್ಷ ಅಪ್ಪ, ಅಮ್ಮ ಚಿತ್ರದುರ್ಗದಿಂದ ಬಂದಿದ್ದರು. ಮೇ ತಿಂಗಳ ಎರಡನೇ ವಾರ. ಟ್ಯೂಲಿಪ್ ಹೊಲ ತೋರಿಸುತ್ತೇನೆ ಅಂತ ಹಿಲ್ಲೆಗೊಮ್ ಕಡೆ ಕರೆದುಕೊಂಡು ಹೋದೆ. ಹೊಲ ಇತ್ತು, ಹೂವಿರಲಿಲ್ಲ. ಸಾಲು ಸಾಲಾಗಿ ಬರೀ ಹಸಿರು ದಂಟು. ಪಾತಿಗಳ ನಡುವೆ ಬಾಡಿ ಬಿದ್ದಿದ್ದ ಕೆಂಪು ಎಸಳುಗಳು.

ಅಮ್ಮನಿಗೆ ಸಂಕಟವಾಯಿತು. "ಅಯ್ಯೋ, ಯಾರೋ ಕಿತ್ಕೊಂಡು ಹೋಗಿದಾರಲ್ಲೋ" ಅಂದರು. ಅಲ್ಲೇ ಇದ್ದ ರೈತರೊಬ್ಬರನ್ನು ಕೇಳಿದೆ. ಹೂ ಕತ್ತರಿಸಿದ್ದು ಕಳ್ಳರಲ್ಲ, ನಾವೇ ಅಂದರು. ಅವರಿಗೆ ಬೇಕಿದ್ದದ್ದು ಹೂವಲ್ಲ, ಮಣ್ಣೊಳಗಿನ ಗಡ್ಡೆ. ಹೂ ಉಳಿದರೆ ಗಿಡದ ಶಕ್ತಿಯೆಲ್ಲ ಬೀಜ ಕಟ್ಟಲು ಹೋಗುತ್ತದೆ. ಹೂ ತೆಗೆದರೆ ಗಡ್ಡೆ ದಪ್ಪವಾಗುತ್ತದೆ. ನಾನು ಕನ್ನಡದಲ್ಲಿ ಹೇಳುತ್ತಿದ್ದ ಹಾಗೇ ಅಪ್ಪ ತಲೆಯಾಡಿಸಿದರು. ಜೀವನವಿಡೀ ಈರುಳ್ಳಿ ಬೆಳೆದವರು ಅವರು. "ಹೂವಿನ ದಂಟು ಎದ್ರೆ ಗಡ್ಡೆ ಕೂರಲ್ಲ. ಅದೇ ಲೆಕ್ಕ ಅಲ್ವಾ?"

ಅದೇ ಲೆಕ್ಕ. ಇದೊಂದು ವಿಷಯ ಮೊದಲೇ ಗೊತ್ತಿದ್ದರೆ ಯಾವಾಗ ಹೋಗಬೇಕು, ಎಲ್ಲಿಗೆ ಹೋಗಬೇಕು, ಹೊಲದ ಹತ್ತಿರ ಹೇಗೆ ನಡೆದುಕೊಳ್ಳಬೇಕು ಎಲ್ಲವೂ ಸುಲಭವಾಗಿ ಅರ್ಥವಾಗುತ್ತದೆ. ಈಗ ಪ್ರತಿ ವಸಂತದಲ್ಲೂ ನಮ್ಮ ಮನೆಗೆ ನೆಂಟರು, ಸ್ನೇಹಿತರು ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ನೀವು ನೋಡಲು ಹೋಗುತ್ತಿರುವುದು ಏನನ್ನು?

ಫೋಟೋಗಳಲ್ಲಿ ಎರಡು ಬೇರೆ ಬೇರೆ ಜಾಗಗಳು ಬೆರೆತುಹೋಗಿರುತ್ತವೆ. ಒಂದು, ಕ್ಯೂಕೆನ್‌ಹಾಫ್. ಇದು ಲಿಸ್ಸೆ ಎಂಬ ಊರಿನಲ್ಲಿರುವ ತೋಟ. ಟಿಕೆಟ್ ಕೊಂಡು ಒಳಗೆ ಹೋಗುತ್ತೀರಿ. ಜನ ನೋಡಲೆಂದೇ ಹೂ ಬೆಳೆಸುತ್ತಾರೆ. ಇನ್ನೊಂದು, ರಸ್ತೆ ಪಕ್ಕದಲ್ಲಿ ದೂರದವರೆಗೂ ಪಟ್ಟೆ ಪಟ್ಟೆಯಾಗಿ ಹಾಸಿಕೊಂಡ ಹೂವಿನ ಹೊಲಗಳು. ಅವು ರೈತರ ಬೆಳೆ. ಟಿಕೆಟ್ ಇಲ್ಲ, ಗೇಟ್ ಇಲ್ಲ, ಒಳಗೆ ಹೋಗುವ ಹಕ್ಕೂ ಇಲ್ಲ.

ಕ್ಯೂಕೆನ್‌ಹಾಫ್ ಒಳಗೆ ಆ ಉದ್ದನೆಯ ಪಟ್ಟೆಗಳು ಸಿಗುವುದಿಲ್ಲ. ಅಲ್ಲಿರುವುದು ಮರ, ಕೊಳ, ಹುಲ್ಲುಹಾಸಿನ ನಡುವೆ ಬಳುಕುವ ಪಾತಿಗಳು. ಟಿಕೆಟ್ ಕೊಂಡು ಒಳಗೆ ಹೋಗಿ "ಹೊಲ ಎಲ್ಲಿ?" ಅಂತ ಹುಡುಕುವ ನಮ್ಮವರನ್ನು ಪ್ರತಿ ವರ್ಷ ನೋಡುತ್ತೇನೆ. ಎರಡನ್ನೂ ನೋಡಬೇಕಾದರೆ ಎರಡಕ್ಕೂ ಬೇರೆ ಬೇರೆ ಸಮಯ ಇಟ್ಟುಕೊಳ್ಳಿ. ಒಂದೇ ದಿನದಲ್ಲಿ ಮುಗಿಸಬಹುದು, ಎರಡು ದಿನವಾದರೆ ಇನ್ನೂ ಒಳ್ಳೆಯದು.

ದಿನ ಗೊತ್ತು ಮಾಡುವುದು

ಕ್ಯೂಕೆನ್‌ಹಾಫ್ ವರ್ಷಕ್ಕೆ ಸುಮಾರು ಎಂಟು ವಾರ ಮಾತ್ರ ತೆರೆದಿರುತ್ತದೆ. ಮಾರ್ಚ್ ಮೂರನೇ ವಾರದ ಹೊತ್ತಿಗೆ ಶುರು, ಮೇ ಎರಡನೇ ವಾರದ ಹೊತ್ತಿಗೆ ಮುಕ್ತಾಯ. ಆದರೆ ಈ ಎಂಟು ವಾರವೂ ಒಂದೇ ರೀತಿ ಇರುವುದಿಲ್ಲ. ಮಾರ್ಚ್ ಕೊನೆಗೆ ಕ್ರೋಕಸ್ ಮತ್ತು ಡ್ಯಾಫೊಡಿಲ್. ಏಪ್ರಿಲ್ ಮೊದಲ ಅರ್ಧದಲ್ಲಿ ಹಯಸಿಂತ್, ಅದರ ಘಮ ರಸ್ತೆವರೆಗೂ ಬರುತ್ತದೆ. ಟ್ಯೂಲಿಪ್ ಹೊಲಗಳು ಸಾಮಾನ್ಯವಾಗಿ ಏಪ್ರಿಲ್ ಮಧ್ಯದಿಂದ ತಿಂಗಳ ಕೊನೆಯವರೆಗೆ ತುಂಬಿರುತ್ತವೆ. ಒಂದೇ ಸಲ ಬರುವವರಿಗೆ ನಾನು ಹೇಳುವುದು ಏಪ್ರಿಲ್ 15ರಿಂದ 25ರ ನಡುವಿನ ದಿನಗಳು.

ಆದರೂ ಗ್ಯಾರಂಟಿ ಕೊಡಲು ಆಗುವುದಿಲ್ಲ. ಮಾರ್ಚ್ ಬೆಚ್ಚಗಿದ್ದರೆ ಹೂ ಬೇಗ ಬರುತ್ತದೆ, ಚಳಿ ಎಳೆದರೆ ತಡವಾಗುತ್ತದೆ. "ಏಪ್ರಿಲ್ ತನಗೆ ಬೇಕಾದ್ದನ್ನು ಮಾಡುತ್ತದೆ" ಅಂತ ಇಲ್ಲಿಯವರೇ ಒಂದು ಗಾದೆ ಹೇಳುತ್ತಾರೆ. ತೋಟದಲ್ಲಿ ಈ ತೊಂದರೆ ಕಡಿಮೆ, ಅದು ಹೇಗೆ ಅಂತ ಮುಂದೆ ಹೇಳುತ್ತೇನೆ. ಹೊಲದಲ್ಲಿ ಜಾಸ್ತಿ. ಹೂ ಪೂರ್ತಿ ಅರಳಿದ ಮೇಲೆ ರೈತರು ಸಾಲಿನಲ್ಲಿ ನಡೆದು ರೋಗದ ಗಿಡ, ಬೇರೆ ತಳಿಯ ಗಿಡ ಹುಡುಕಿ ತೆಗೆಯುತ್ತಾರೆ. ಅದು ಮುಗಿದರೆ ಯಂತ್ರ ಬಂದು ಹೂವಿನ ತಲೆಗಳನ್ನು ಕತ್ತರಿಸುತ್ತದೆ. ಸೋಮವಾರ ಕೆಂಪಗಿದ್ದ ಹೊಲ ಗುರುವಾರಕ್ಕೆ ಹಸಿರಾಗಿರಬಹುದು. ಹಾಗಾಗಿ ಯಾರೋ ಹಾಕಿದ ಹಳೆಯ ಫೋಟೋದ ಜಾಗ ಹುಡುಕಿಕೊಂಡು ಹೋಗಬೇಡಿ. ಬೆಳೆ ಬದಲಿಸುತ್ತಾ ಹೋಗುವುದರಿಂದ ಹೋದ ವರ್ಷ ಟ್ಯೂಲಿಪ್ ಇದ್ದ ಕಡೆ ಈ ವರ್ಷ ಬೇರೆ ಏನೋ ಇರುತ್ತದೆ.

ತಪ್ಪಿಸಬೇಕಾದ ದಿನಗಳೂ ಇವೆ. ಈಸ್ಟರ್ ವಾರಾಂತ್ಯದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಏಪ್ರಿಲ್ 27 ಇಲ್ಲಿಯ ರಾಜನ ಹುಟ್ಟುಹಬ್ಬ, ಇಡೀ ದೇಶ ಬೀದಿಗಿಳಿದಿರುತ್ತದೆ. ಮಂಗಳವಾರ, ಬುಧವಾರದಂತಹ ವಾರದ ದಿನಗಳು ಸಿಕ್ಕರೆ ಅವೇ ಒಳ್ಳೆಯವು.

ವೀಸಾ ಮತ್ತು ಟಿಕೆಟ್

ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮುಂಚೆ. ಕೊನೆಯವರೆಗೆ ಕಾಯಬೇಡಿ. ನಮ್ಮಲ್ಲಿ ಶಾಲೆಗೆ ರಜೆ ಶುರುವಾಗುವ ಕಾಲ ಅದು, ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟವಾಗುತ್ತದೆ. ಜನವರಿಯಲ್ಲೇ ಹಾಕಿಬಿಡಿ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮಿಗೆ ನೇರ ವಿಮಾನ ಇದೆ.

ಕ್ಯೂಕೆನ್‌ಹಾಫ್ ಟಿಕೆಟ್ಟನ್ನು ಅವರ ವೆಬ್‌ಸೈಟಿನಲ್ಲೇ ಮುಂಚೆ ಕೊಳ್ಳಿ. ದೊಡ್ಡವರಿಗೆ ಸುಮಾರು 20 ಯೂರೊ ಆಸುಪಾಸು. ದಿನದ ಜೊತೆ ಒಳಗೆ ಹೋಗುವ ಹೊತ್ತನ್ನೂ ಆರಿಸಬೇಕು. ಒಳಗೆ ಹೋದ ಮೇಲೆ ಮುಚ್ಚುವವರೆಗೂ ಇರಬಹುದು. ಬಸ್ ಪ್ರಯಾಣವೂ ಸೇರಿದ ಟಿಕೆಟ್ ಸಿಗುತ್ತದೆ, ಸ್ವಂತ ಕಾರಿಲ್ಲದವರು ಅದನ್ನೇ ತೆಗೆದುಕೊಳ್ಳಿ.

ಉಳಿಯುವುದು ಎಲ್ಲಿ?

ಎಲ್ಲರೂ ಆಮ್‌ಸ್ಟರ್‌ಡ್ಯಾಮ್ ಅನ್ನುತ್ತಾರೆ. ನಾನು ಲೈಡನ್ ಅಥವಾ ಹಾರ್ಲೆಮ್ ಅನ್ನುತ್ತೇನೆ. ನಮ್ಮೂರು ಅನ್ನುವ ಪ್ರೀತಿ ಇದ್ದೇ ಇದೆ, ಆದರೆ ಕಾರಣ ಅದಷ್ಟೇ ಅಲ್ಲ. ಹೂವಿನ ಸೀಮೆ ಇರುವುದೇ ಈ ಎರಡು ಊರುಗಳ ನಡುವೆ. ಸಮುದ್ರದ ಮರಳು ದಿಬ್ಬಗಳ ಹಿಂದಿನ ಸಡಿಲವಾದ ಮರಳು ಮಣ್ಣಿನ ಪಟ್ಟಿ ಅದು. ಗಡ್ಡೆಗೆ ನೀರು ನಿಲ್ಲಬಾರದು, ಬೇರಿಗೆ ತೇವವೂ ಬೇಕು. ಕಾಲುವೆಗಳಲ್ಲಿ ನೀರಿನ ಮಟ್ಟವನ್ನು ಏರಿಸಿ ಇಳಿಸಿ ಇಲ್ಲಿಯವರು ಅದನ್ನು ಸಾಧಿಸಿದ್ದಾರೆ. ಹಾರ್ಲೆಮ್‌ನಿಂದ ಲೈಡನ್‌ಗೆ ನಿಧಾನದ ರೈಲು ಹತ್ತಿ ಕಿಟಕಿ ಪಕ್ಕ ಕೂತರೆ ಹಿಲ್ಲೆಗೊಮ್, ವೋರ್‌ಹೌಟ್ ನಿಲ್ದಾಣಗಳ ಆಚೀಚೆ ಹೊಲಗಳೇ ಹೊಲಗಳು. ನಡೆಯಲಾಗದ ಹಿರಿಯರಿದ್ದರೆ ಈ ರೈಲು ಪ್ರಯಾಣವೊಂದೇ ಸಾಕು.

ಬಸ್ಸು, ರೈಲು, ಟ್ರಾಮ್ ಎಲ್ಲದಕ್ಕೂ ನಿಮ್ಮ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡೇ ಟಿಕೆಟ್ಟು. ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಯಂತ್ರಕ್ಕೆ ಮುಟ್ಟಿಸಬೇಕು. ಒಬ್ಬರಿಗೆ ಒಂದು ಕಾರ್ಡು, ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲಾಗದು. ವಿದೇಶದಲ್ಲಿ ಬಳಸುವ ಅನುಮತಿಯನ್ನು ಊರಲ್ಲೇ ಬ್ಯಾಂಕಿನಿಂದ ಆನ್ ಮಾಡಿಸಿಕೊಂಡು ಬನ್ನಿ.

ಕ್ಯೂಕೆನ್‌ಹಾಫ್‌ನಲ್ಲಿ ಒಂದು ದಿನ

ಸ್ಕಿಪೋಲ್ ವಿಮಾನ ನಿಲ್ದಾಣದಿಂದ, ಲೈಡನ್, ಹಾರ್ಲೆಮ್ ಮತ್ತು ಆಮ್‌ಸ್ಟರ್‌ಡ್ಯಾಮಿನ ರಾಯ್ ನಿಲ್ದಾಣದಿಂದ ನೇರ ಬಸ್ಸುಗಳಿವೆ. ತೋಟ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ಮೊದಲ ಬಸ್ಸಿಗೇ ಹೊರಡಿ. 10:30ರ ಹೊತ್ತಿಗೆ ದೊಡ್ಡ ಟೂರಿಸ್ಟ್ ಬಸ್ಸುಗಳು ಬರಲು ಶುರುವಾಗುತ್ತವೆ. ಬೆಳಿಗ್ಗೆ ಆಗದಿದ್ದರೆ ಮಧ್ಯಾಹ್ನ 3:30ರ ನಂತರ ಹೋಗಿ. ಏಪ್ರಿಲ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆ ಆಸುಪಾಸಿಗೆ, ಆದ್ದರಿಂದ ಸಂಜೆಯ ಬೆಳಕು ಧಾರಾಳವಾಗಿ ಸಿಗುತ್ತದೆ.

ಒಂದು ಸೂಕ್ಷ್ಮ ಇದೆ. ಟ್ಯೂಲಿಪ್ ಹೂ ಬಿಸಿಲಿಗೆ ಬಿಚ್ಚಿಕೊಳ್ಳುತ್ತದೆ, ಚಳಿಗೆ, ಮೋಡಕ್ಕೆ ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಎಂಟಕ್ಕೆ ಮೊಗ್ಗಿನ ಹಾಗೆ ಮುಷ್ಟಿ ಕಟ್ಟಿ ನಿಂತಿದ್ದದ್ದು ಹನ್ನೆರಡಕ್ಕೆ ಬಟ್ಟಲಿನ ಹಾಗೆ ತೆರೆದಿರುತ್ತದೆ. ಬೆಳಿಗ್ಗೆ ನೋಡಿದ ಒಂದು ಪಾತಿಗೆ ಮಧ್ಯಾಹ್ನ ಮತ್ತೆ ಬಂದು ನೋಡಿ. ಹೂವಿನ ಬುಡದಲ್ಲಿ ಒಳಗಡೆ ಬೇರೆಯದೇ ಬಣ್ಣವಿರುತ್ತದೆ, ಕೆಂಪು ಹೂವಿನೊಳಗೆ ಕಪ್ಪು, ಹಳದಿಯ ನಕ್ಷತ್ರ. ಅದು ಕಾಣುವುದು ಆಗಲೇ.

ತೋಟ 32 ಹೆಕ್ಟೇರ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 80 ಎಕರೆ. ಪ್ರತಿ ವರ್ಷ ಸುಮಾರು 70 ಲಕ್ಷ ಗಡ್ಡೆಗಳನ್ನು ಅಕ್ಟೋಬರ್‌ನಿಂದ ಡಿಸೆಂಬರ್ ಆರಂಭದವರೆಗೆ ಕೈಯಿಂದಲೇ ನೆಡುತ್ತಾರೆ. ಸೀಸನ್ ಮುಗಿದ ಮೇಲೆ ಎಲ್ಲವನ್ನೂ ಕಿತ್ತು, ಮುಂದಿನ ವರ್ಷ ಹೊಸ ವಿನ್ಯಾಸ. ಎಂಟು ವಾರ ಹೂ ಕಾಣುವ ಗುಟ್ಟು ನೆಡುವ ರೀತಿಯಲ್ಲಿದೆ. ಒಂದೇ ಪಾತಿಯಲ್ಲಿ ಮೂರು ಪದರ. ತಳದಲ್ಲಿ ತಡವಾಗಿ ಅರಳುವ ಟ್ಯೂಲಿಪ್, ಅದರ ಮೇಲೆ ಬೇಗ ಅರಳುವ ಟ್ಯೂಲಿಪ್, ಎಲ್ಲಕ್ಕಿಂತ ಮೇಲೆ ಕ್ರೋಕಸ್. ಮೇಲಿನದು ಮುಗಿಯುವಷ್ಟರಲ್ಲಿ ಕೆಳಗಿನದು ತಲೆ ಎತ್ತುತ್ತದೆ. ಕೈತೋಟ ಮಾಡುವವರು ಈ ಪಾತಿಗಳ ಮುಂದೆ ಕೂತು ನೋಡಬೇಕು.

ಹೆಸರಿನ ಅರ್ಥ ಸರಳ, ಅಡುಗೆಮನೆಯ ತೋಟ. 15ನೇ ಶತಮಾನದಲ್ಲಿ ಇಲ್ಲಿಯ ಕೌಂಟೆಸ್ ಯಾಕೋಬಾಳ ಕೋಟೆಯ ಅಡುಗೆಗೆ ಸೊಪ್ಪು, ತರಕಾರಿ, ಬೇಟೆ ಎಲ್ಲ ಬರುತ್ತಿದ್ದ ಜಾಗ. 1949ರಲ್ಲಿ ಇಪ್ಪತ್ತು ಗಡ್ಡೆ ವ್ಯಾಪಾರಿಗಳು ಸೇರಿ ತಮ್ಮ ಹೂಗಳನ್ನು ಇಲ್ಲೇ ತೋರಿಸೋಣ ಅಂದುಕೊಂಡರು. 1950ರಲ್ಲಿ ಜನರಿಗೆ ತೆರೆದರು. ಇವತ್ತಿಗೂ ಪಾತಿಗಳ ಪಕ್ಕ ತಳಿಯ ಹೆಸರಿನ ಫಲಕ ಇರುತ್ತದೆ. ಇಷ್ಟವಾದ ಹೆಸರುಗಳನ್ನು ಫೋಟೋ ತೆಗೆದುಕೊಳ್ಳಿ. ಅಂಚು ಕತ್ತರಿಸಿದಂತಿರುವ ಝಾಲರಿ ಟ್ಯೂಲಿಪ್, ಗಿಳಿಯ ರೆಕ್ಕೆ ಕೆದರಿದಂತಿರುವ ಪ್ಯಾರಟ್ ಟ್ಯೂಲಿಪ್, ಕಪ್ಪು ಅನ್ನಿಸುವಷ್ಟು ಗಾಢ ನೇರಳೆಯ ಕ್ವೀನ್ ಆಫ್ ನೈಟ್, ಈ ಮೂರನ್ನು ಹುಡುಕಿ ನೋಡಿ.

ಗಾಳಿಯಂತ್ರದ ಮೇಲಟ್ಟಕ್ಕೆ ಹತ್ತಿ. ಅಲ್ಲಿಂದ ತೋಟದಾಚೆಯ ಹೊಲಗಳು ಕಾಣುತ್ತವೆ. ಅದರ ಬುಡದಿಂದಲೇ ಸದ್ದಿಲ್ಲದ ವಿದ್ಯುತ್ ದೋಣಿಗಳು ಹೊಲಗಳ ನಡುವಿನ ಕಾಲುವೆಗೆ ಹೊರಡುತ್ತವೆ, ಅದಕ್ಕೆ ಬೇರೆ ಟಿಕೆಟ್. ಮಳೆ ಬಂದರೆ ಒಳಾಂಗಣ ಪ್ರದರ್ಶನಗಳಿವೆ. ಆರ್ಕಿಡ್‌ಗಳಿರುವ ಬೇಯಾಟ್ರಿಕ್ಸ್ ಮಂಟಪ ನನಗೆ ಇಷ್ಟ.

ಊಟದ ವಿಷಯ. ಒಳಗೆ ತಿನಿಸುಗಳಿಗೇನೂ ಕಮ್ಮಿಯಿಲ್ಲ, ದುಬಾರಿ. ಮನೆಯಿಂದ ಡಬ್ಬಿ ತರಬಹುದು. ನಾವು ಚಪಾತಿ ಪಲ್ಯ ಒಯ್ದು ಕೊಳದ ದಂಡೆಯ ಬೆಂಚಿನಲ್ಲಿ ತಿನ್ನುತ್ತೇವೆ. ಪೊಫರ್ಚೆಸ್ ಅಂತ ಒಂದು ತಿಂಡಿ ಇದೆ. ಥೇಟ್ ನಮ್ಮ ಪಡ್ಡಿನ ಹೆಂಚಿನಂಥದ್ದರಲ್ಲೇ ಹುಯ್ದು ಬೇಯಿಸಿ, ಬೆಣ್ಣೆ ಸಕ್ಕರೆಪುಡಿ ಹಾಕಿ ಕೊಡುತ್ತಾರೆ. ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ತಿನ್ನದವರು ಕೇಳಿ ತೆಗೆದುಕೊಳ್ಳಿ.

ಬಟ್ಟೆ ಪದರ ಪದರವಾಗಿ ಹಾಕಿ. ಬಿಸಿಲಿದ್ದರೂ ಗಾಳಿ ಕೊರೆಯುತ್ತದೆ. ಕೊಡೆ ಗಾಳಿಗೆ ಮಗುಚಿಕೊಳ್ಳುತ್ತದೆ, ಟೋಪಿ ಇರುವ ಮಳೆ ಜಾಕೆಟ್ಟೇ ವಾಸಿ. ಸೀರೆ ಉಟ್ಟು ಫೋಟೋ ತೆಗೆಸಿಕೊಳ್ಳುವ ಆಸೆ ಇದ್ದವರು ಒಳಗೆ ಥರ್ಮಲ್ ಹಾಕಿಕೊಳ್ಳಿ. ಅಮ್ಮ ಹಾಗೇ ಮಾಡಿದರು.

ಸೈಕಲ್ ಹತ್ತಿ ಹೊಲದ ಕಡೆ

ಹೊಲ ನೋಡಲು ಸೈಕಲ್ಲಿಗಿಂತ ಒಳ್ಳೆಯ ದಾರಿ ಇಲ್ಲ. ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ, ಬಸ್ಸು ನಿಲ್ಲುವುದಿಲ್ಲ. ಲೈಡನ್, ಹಾರ್ಲೆಮ್ ನಿಲ್ದಾಣಗಳ ಹತ್ತಿರ ಮತ್ತು ಸೀಸನ್ನಿನಲ್ಲಿ ಕ್ಯೂಕೆನ್‌ಹಾಫ್ ಬಳಿಯೂ ಬಾಡಿಗೆಗೆ ಸಿಗುತ್ತವೆ.

ಸೈಕಲ್ ತೆಗೆದುಕೊಳ್ಳುವಾಗ ಬ್ರೇಕ್ ಎಲ್ಲಿದೆ ಅಂತ ಕೇಳಿ. ಇಲ್ಲಿಯ ಎಷ್ಟೋ ಸೈಕಲ್ಲುಗಳಿಗೆ ಹ್ಯಾಂಡಲ್‌ನಲ್ಲಿ ಬ್ರೇಕೇ ಇರುವುದಿಲ್ಲ, ಪೆಡಲ್ ಹಿಂದಕ್ಕೆ ತುಳಿದರೆ ನಿಲ್ಲುತ್ತದೆ. ಊರಲ್ಲಿ ಸುಮ್ನೆ ಪೆಡಲ್ ಹಿಂದೆ ತಿರುಗಿಸುವ ಅಭ್ಯಾಸ ಇದ್ದವರು ದಾರಿಯಲ್ಲಿ ಗಕ್ಕನೆ ನಿಂತುಬಿಡುತ್ತಾರೆ. ಖಾಲಿ ಜಾಗದಲ್ಲಿ ಹತ್ತು ನಿಮಿಷ ಅಭ್ಯಾಸ ಮಾಡಿ ಹೊರಡಿ. ಬಲಗಡೆ ಹೋಗಬೇಕು. ಕೆಂಪು ಬಣ್ಣದ ದಾರಿ ಸೈಕಲ್ಲಿನದು, ಅಲ್ಲಿ ನಿಂತು ಫೋಟೋ ತೆಗೆಯಬಾರದು. ಸೈಕಲ್ ಹೊಡೆಯುತ್ತಾ ಫೋನ್ ಕೈಯಲ್ಲಿ ಹಿಡಿದರೆ ದಂಡ ಬೀಳುತ್ತದೆ.

ದಾರಿ ತಪ್ಪುವ ಭಯ ಬೇಡ. ಸೈಕಲ್ ದಾರಿಗಳು ಸೇರುವ ಕಡೆಯೆಲ್ಲ ಅಂಕೆಯಿರುವ ಫಲಕಗಳಿವೆ. ನಕ್ಷೆ ನೋಡಿ ನಾಲ್ಕೈದು ಅಂಕೆಗಳನ್ನು ಚೀಟಿಯಲ್ಲಿ ಬರೆದುಕೊಂಡರೆ ಒಂದರಿಂದ ಇನ್ನೊಂದಕ್ಕೆ ಬಾಣದ ಗುರುತು ಹಿಡಿದು ಹೋಗಬಹುದು. ಲಿಸ್ಸೆಯಿಂದ ಹಿಲ್ಲೆಗೊಮ್, ಅಲ್ಲಿಂದ ನೋರ್ಡ್‌ವೈಕರ್‌ಹೌಟ್, ಮತ್ತೆ ಲಿಸ್ಸೆ. ನಿಧಾನವಾಗಿ ಹೋದರೆ ಅರ್ಧ ದಿನ. ನೆಲ ಸಪಾಟು, ಏರು ಅನ್ನುವುದೇ ಇಲ್ಲ. ಎದುರುಗಾಳಿ ಮಾತ್ರ ಇದೆ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ವಾಪಸ್ ಬರುವಾಗ ಅದೇ ತಳ್ಳುತ್ತದೆ.

ಬದುವಿನ ಈಚೆಗೇ ನಿಲ್ಲಿ

ಈ ಭಾಗವನ್ನು ದಯವಿಟ್ಟು ಬಿಡದೆ ಓದಿ. ಬಂಡೀಪುರಕ್ಕೆ ಹೋಗುವಾಗ ಗುಂಡ್ಲುಪೇಟೆ ಹತ್ತಿರ ಸೂರ್ಯಕಾಂತಿ, ಚೆಂಡುಹೂವಿನ ಹೊಲಕ್ಕೆ ಜನ ನುಗ್ಗುವುದನ್ನು ನೀವು ನೋಡಿರುತ್ತೀರಿ. ಇಲ್ಲೂ ಅದೇ ಕಥೆ. ಒಂದು ಸೆಲ್ಫಿಗೆ ಹತ್ತು ಗಿಡ ತುಳಿದರೆ ಹತ್ತು ಗಡ್ಡೆ ಹೋದಂತೆ. ಅದಕ್ಕಿಂತ ದೊಡ್ಡ ಅಪಾಯ ರೋಗದ್ದು. ಒಂದು ಹೊಲದ ರೋಗ ಬೂಟಿಗೆ ಅಂಟಿದ ಮಣ್ಣಿನ ಜೊತೆ ಇನ್ನೊಂದು ಹೊಲಕ್ಕೆ ಹೋಗುತ್ತದೆ.

ರೈತರು ಹೆದರುವ ರೋಗಗಳಲ್ಲಿ ಗಿಡಹೇನು ಹರಡುವ ಒಂದು ವೈರಸ್ ಇದೆ. ಅದು ತಗುಲಿದ ಹೂವಿನ ಬಣ್ಣ ಒಡೆದು, ಬಿಳಿಯ ಮೇಲೆ ಕೆಂಪು ಜ್ವಾಲೆಯಂತೆ ಗೆರೆಗಳೇಳುತ್ತವೆ. ನೋಡಲು ಚೆಂದ. ಆದರೆ ಗಡ್ಡೆ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಇಂಥ ಗಿಡ ಕಂಡರೆ ಈಗ ಕಿತ್ತು ಎಸೆಯುತ್ತಾರೆ. 1630ರ ದಶಕದಲ್ಲಿ ಜನ ಹುಚ್ಚೆದ್ದು ಕೊಂಡದ್ದು ಇದೇ ರೋಗದ ಹೂಗಳನ್ನು! ಕಾರಣ ಗೊತ್ತಿರಲಿಲ್ಲ. ಮರಿಗಡ್ಡೆ ಕಡಿಮೆ ಕೊಡುವ ಹೂ, ಹಾಗಾಗಿ ಅಪರೂಪ, ಹಾಗಾಗಿ ದುಬಾರಿ. ಸೆಂಪರ್ ಆಗಸ್ಟಸ್ ಎಂಬ ಕೆಂಪು ಬಿಳಿ ತಳಿ ಎಲ್ಲಕ್ಕಿಂತ ಹೆಸರುವಾಸಿ. ಚಳಿಗಾಲದಲ್ಲಿ ಗಡ್ಡೆ ಇನ್ನೂ ಮಣ್ಣಿನಲ್ಲಿರುವಾಗಲೇ ಪಾನಗೃಹಗಳಲ್ಲಿ ಕೂತು ಬರೀ ಕಾಗದದ ಮೇಲೆ ಕೊಟ್ಟು ಕೊಳ್ಳುತ್ತಿದ್ದರು. ಅದಕ್ಕೆ ಇಲ್ಲಿಯವರು ಇಟ್ಟ ಹೆಸರು ಗಾಳಿ ವ್ಯಾಪಾರ. 1637ರ ಫೆಬ್ರವರಿಯಲ್ಲಿ ಹಾರ್ಲೆಮ್‌ನಲ್ಲಿ ಕೊಳ್ಳುವವರೇ ಬರಲಿಲ್ಲ, ಬೆಲೆ ಕುಸಿಯಿತು. ಇಡೀ ದೇಶ ದಿವಾಳಿಯಾಯಿತು ಅಂತ ಗೈಡುಗಳು ಹೇಳುವುದುಂಟು. ಅದು ನಂತರ ಬೆಳೆದ ಮಾತು. ಪೆಟ್ಟು ತಿಂದದ್ದು ಆ ವ್ಯಾಪಾರಕ್ಕೆ ಇಳಿದಿದ್ದ ಸೀಮಿತ ಗುಂಪು.

ಅದೇ ಗಡ್ಡೆ ಜೀವ ಉಳಿಸಿದ ಕಾಲವೂ ಇದೆ. 1944-45ರ ಚಳಿಗಾಲದಲ್ಲಿ, ಜರ್ಮನ್ ಆಕ್ರಮಣದ ಕೊನೆಯ ತಿಂಗಳುಗಳಲ್ಲಿ, ದೇಶದ ಪಶ್ಚಿಮ ಭಾಗಕ್ಕೆ ಆಹಾರ ಬರುವುದು ನಿಂತುಹೋಯಿತು. ಹಸಿವಿಗೆ ಸಾವಿರಾರು ಜನ ಸತ್ತರು. ಜನ ಟ್ಯೂಲಿಪ್ ಗಡ್ಡೆಯ ನಡುವಿನ ಹಳದಿ ತಿರುಳನ್ನು ತೆಗೆದುಹಾಕಿ, ಉಳಿದದ್ದನ್ನು ಬೇಯಿಸಿ ತಿಂದರು. ಇಲ್ಲಿಯ ಹಿರಿಯರ ಮುಂದೆ ಈ ಗಡ್ಡೆಗಳ ಮಾತೆತ್ತುವಾಗ ಇದು ನೆನಪಿರಲಿ.

ಫೋಟೋ ಹೇಗೆ ತೆಗೆಯುವುದು? ರಸ್ತೆಗೂ ಹೊಲಕ್ಕೂ ನಡುವೆ ಸಾಮಾನ್ಯವಾಗಿ ಒಂದು ಸಣ್ಣ ಕಾಲುವೆ ಇರುತ್ತದೆ. ಅದರ ಈಚೆ ದಡದಲ್ಲಿ ನಿಂತವರನ್ನು ಸ್ವಲ್ಪ ಬಗ್ಗಿ ತೆಗೆದರೆ ಹೂವಿನ ನಡುವೆಯೇ ನಿಂತ ಹಾಗೆ ಬರುತ್ತದೆ. ಹೂವಿನ ಮಧ್ಯೆಯೇ ನಿಲ್ಲಬೇಕು, ಕೈಯಾರೆ ಕೀಳಬೇಕು ಅಂದರೆ ಪ್ಲುಕ್‌ಟೌನ್ ಅನ್ನುವ ಫಲಕ ಹುಡುಕಿ. ಅಂದರೆ ಹೂ ಕೀಳುವ ತೋಟ. ದುಡ್ಡು ಕೊಟ್ಟು ಒಳಗೆ ಹೋಗಿ ಬೇಕಾದಷ್ಟು ಫೋಟೋ ತೆಗೆದುಕೊಳ್ಳಿ. ಮಕ್ಕಳಿದ್ದರೆ ನೇರ ಇಲ್ಲಿಗೇ ಹೋಗಿ.

ಇನ್ನೊಂದು ದಿನ ಸಿಕ್ಕರೆ

ಲೈಡನ್ ವಿಶ್ವವಿದ್ಯಾಲಯದ ಸಸ್ಯೋದ್ಯಾನಕ್ಕೆ ಬನ್ನಿ. 1590ರಲ್ಲಿ ಶುರುವಾದದ್ದು. ಮಧ್ಯ ಏಷ್ಯಾದ ಬೆಟ್ಟಗಳ ಈ ಹೂ ತುರ್ಕಿಯ ಸುಲ್ತಾನರ ತೋಟಗಳನ್ನು ದಾಟಿ ಯುರೋಪಿಗೆ ಬಂತು. 1593ರಲ್ಲಿ ಇಲ್ಲಿಗೆ ಬಂದ ಸಸ್ಯತಜ್ಞ ಕ್ಲೂಸಿಯಸ್ ನೆಟ್ಟ ಟ್ಯೂಲಿಪ್‌ಗಳು 1594ರಲ್ಲಿ ಅರಳಿದವು. ಅವನ ತೋಟವನ್ನು ಮತ್ತೆ ಕಟ್ಟಿದ್ದಾರೆ. ಅಲ್ಲಿಯ ಗಿಡ್ಡ, ಚೂಪು ಎಸಳಿನ ಕಾಡು ಟ್ಯೂಲಿಪ್ ನೋಡಿದ ಮೇಲೆ ಹೊಲದ ದಪ್ಪ ಹೂಗಳನ್ನು ನೋಡುವ ಕಣ್ಣೇ ಬದಲಾಗುತ್ತದೆ.

ಹಳೆಯ ತಳಿಗಳ ಮೇಲೆ ಪ್ರೀತಿ ಇದ್ದವರು ಉತ್ತರಕ್ಕೆ ಲಿಮ್ಮೆನ್ ಊರಿನ ಹೋರ್ಟಸ್ ಬುಲ್ಬೋರಮ್‌ಗೆ ಹೋಗಬೇಕು. 1595ರಷ್ಟು ಹಳೆಯ ತಳಿಯನ್ನೂ ವರ್ಷ ವರ್ಷ ನೆಟ್ಟು ಉಳಿಸಿಕೊಂಡಿದ್ದಾರೆ. ಏಪ್ರಿಲ್‌ನಿಂದ ಮೇ ಮಧ್ಯದವರೆಗೆ ಮಾತ್ರ ತೆರೆದಿರುತ್ತದೆ. ಕಾರಿದ್ದರೆ ನೋರ್ಡ್‌ಓಸ್ಟ್‌ಪೋಲ್ಡರ್. ಸಮುದ್ರದ ನೀರು ತೆಗೆದು 1942ರಲ್ಲಿ ಒಣಗಿಸಿದ ನೆಲ. ಹೊಲಗಳು ವಿಶಾಲ, ಜನ ಕಡಿಮೆ.

ಏಪ್ರಿಲ್‌ನ ಒಂದು ಶನಿವಾರ ನೋರ್ಡ್‌ವೈಕ್‌ನಿಂದ ಹಾರ್ಲೆಮ್‌ವರೆಗೆ ಸುಮಾರು 42 ಕಿಲೋಮೀಟರ್ ಹೂವಿನ ತೇರುಗಳ ಮೆರವಣಿಗೆ ನಡೆಯುತ್ತದೆ. ಆ ದಿನ ಕ್ಯೂಕೆನ್‌ಹಾಫ್‌ಗೆ ಹೋಗಬೇಡಿ, ರಸ್ತೆಗಳು ಮುಚ್ಚಿರುತ್ತವೆ. ಭಾನುವಾರ ತೇರುಗಳು ಹಾರ್ಲೆಮ್‌ನಲ್ಲಿ ನಿಂತಿರುತ್ತವೆ, ಹತ್ತಿರದಿಂದ ಮೂಸಿ ನೋಡಬಹುದು. ಹೂವಿನ ವ್ಯಾಪಾರ ಮಾಡುವವರಾದರೆ ಆಲ್ಸ್‌ಮೇರ್‌ನ ಹರಾಜು ಕೇಂದ್ರ ನೋಡಿ, ವಾರದ ದಿನಗಳಲ್ಲಿ, ಬೆಳ್ಳಂಬೆಳಿಗ್ಗೆ. ಬೆಲೆ ಮೇಲಿನಿಂದ ಇಳಿಯುತ್ತಾ ಬರುತ್ತದೆ, ಮೊದಲು ಗುಂಡಿ ಒತ್ತಿದವರಿಗೆ ಮಾಲು. ಬೆಂಗಳೂರಿನ ಹೆಬ್ಬಾಳದ ಹೂವಿನ ಹರಾಜಿಗೂ ಇದೇ ಪದ್ಧತಿ ಬಂದಿದೆ.

ಗಡ್ಡೆ ತರುವ ಆಸೆ

ಇದು ಎಲ್ಲರಿಗೂ ಬರುತ್ತದೆ. ಸ್ವಲ್ಪ ತಡೆಯಿರಿ. ಟ್ಯೂಲಿಪ್ ಗಡ್ಡೆ ಕೀಳುವುದು ಜೂನ್, ಜುಲೈನಲ್ಲಿ. ನೆಡುವುದು ಅಕ್ಟೋಬರ್ ನಂತರ. ಏಪ್ರಿಲ್‌ನಲ್ಲಿ ಪ್ರವಾಸಿಗರ ಅಂಗಡಿಯಲ್ಲಿ ಜಾಲರಿ ಚೀಲದಲ್ಲಿ ತೂಗುಬಿಟ್ಟಿರುವ ಗಡ್ಡೆ ಹಳೆಯದು, ಅದರ ಹೊತ್ತು ಮೀರಿರುತ್ತದೆ. ಭಾರತಕ್ಕೆ ತರಲು ಸಸ್ಯ ಆರೋಗ್ಯ ಪ್ರಮಾಣಪತ್ರ, ಆಮದು ಪರವಾನಗಿ ಬೇಕು. ಸುಮ್ನೆ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರಬೇಡಿ. ಇಲ್ಲಿಯ ಹೊಲದ ರೋಗ ನಮ್ಮ ಹೊಲಕ್ಕೆ ಹೋಗಬಾರದಲ್ವಾ? ತಂದರೂ ಮೂರು ನಾಲ್ಕು ತಿಂಗಳ ಚಳಿ ಸಿಗದೆ ಮೊಗ್ಗು ಬರುವುದಿಲ್ಲ. ಬೆಂಗಳೂರಿನ ಚಳಿ ಅದಕ್ಕೆ ಸಾಲದು. ಶ್ರೀನಗರದ ಚಳಿ ಸಾಲುತ್ತದೆ. ದಾಲ್ ಸರೋವರದ ಹತ್ತಿರ 2007ರಲ್ಲಿ ತೆರೆದ ಟ್ಯೂಲಿಪ್ ತೋಟಕ್ಕೆ ಗಡ್ಡೆಗಳು ಹೋದದ್ದು ಇಲ್ಲಿಂದಲೇ. ವೀಸಾ, ಖರ್ಚು ಅಂತ ಈ ವರ್ಷ ಬರಲಾಗದವರು ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ ಅಲ್ಲಿಗೆ ಹೋಗಿ.

ಇಲ್ಲಿಗೆ ಬಂದವರು ಗಡ್ಡೆಯ ಬದಲು ಒಂದು ಕಟ್ಟು ಹೂ ಕೊಳ್ಳಿ. ಹೊಲದ ಪಕ್ಕದ ಮನೆಗಳ ಮುಂದೆ ಬಕೆಟ್‌ನಲ್ಲಿ ಇಟ್ಟಿರುತ್ತಾರೆ, ಪಕ್ಕದಲ್ಲೇ ದುಡ್ಡಿನ ಡಬ್ಬಿ. ಚಿಲ್ಲರೆ ಜೇಬಿನಲ್ಲಿರಲಿ. ಇನ್ನೂ ಬಿಗಿಯಾಗಿರುವ ಮೊಗ್ಗುಗಳನ್ನೇ ಆರಿಸಿ, ನೀವು ಉಳಿದುಕೊಂಡಿರುವ ಕೋಣೆಯಲ್ಲಿ ಒಂದು ಲೋಟ ತಣ್ಣೀರಿನಲ್ಲಿ ಇಡಿ. ಕತ್ತರಿಸಿದ ಮೇಲೂ ಟ್ಯೂಲಿಪ್ ದಂಟು ಬೆಳೆಯುತ್ತಲೇ ಇರುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ಒಂದೆರಡು ಬೆರಳು ಉದ್ದವಾಗಿ, ಕಿಟಕಿಯ ಬೆಳಕಿನ ಕಡೆಗೆ ಬಾಗಿರುತ್ತದೆ.